ಅತ್ತಿಗೆ ಕಳಿಸುತ್ತಿದ್ದ ಇಪ್ಪತ್ತು ಸಾಲು

ನಾನು ಬರೆದ ಪ್ರೋಗ್ರಾಂಗಳಲ್ಲಿ ಒಂದು ದಿನವೂ ಕೈಕೊಡದೆ ಕೆಲಸ ಮಾಡಿದ್ದು ಎರಡೇ ಸಾಲಿನದು. ಬರೆಯಲು ಹತ್ತು ನಿಮಿಷ ಹಿಡಿದಿರಬಹುದು. ಅದನ್ನು ಬರೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಈಗ ಅದು ನೆನಪಾದರೆ ಎದುರಿಗಿದ್ದವರ ಮೇಲೆ ರೇಗುತ್ತೇನೆ. ರೇಗುವುದು ನನ್ನ ಹಳೆಯ ಚಾಳಿ. ತಪ್ಪು ನನ್ನದಾದಾಗಲಂತೂ ಇನ್ನೂ ಜೋರು.

ತುಮಕೂರಿನ ಸದಾಶಿವನಗರದಲ್ಲಿ ಒಂದು ಮನೆಯ ಮಹಡಿಯೇ ನಮ್ಮ ಆಫೀಸು. ಕೆಳಗೆ ಮನೆಯ ಮಾಲೀಕರಿದ್ದಾರೆ, ಅವರ ಸಾರಿನ ಒಗ್ಗರಣೆ ಹನ್ನೊಂದೂವರೆಗೆ ಸರಿಯಾಗಿ ನಮ್ಮ ಮೂಗಿಗೆ ಬರುತ್ತದೆ. ಇರುವುದು ಐದು ಜನ. ನಾವು ಮಾಡುವುದು ಒಂದು ಮಾತಾಡುವ ಡಬ್ಬಿ. ಕಣ್ಣು ಕಾಣದವರು ಪುಸ್ತಕದ ಪುಟವನ್ನೋ ಔಷಧಿಯ ಚೀಟಿಯನ್ನೋ ಅದರ ಮುಂದೆ ಹಿಡಿದರೆ ಕನ್ನಡದಲ್ಲಿ ಓದಿ ಹೇಳುತ್ತದೆ. ಆ ಡಬ್ಬಿಯ ಧ್ವನಿ ನನ್ನದು. ದೊಡ್ಡ ಕಲಾವಿದರನ್ನು ಕರೆಸುವ ಅನುಕೂಲ ನಮಗಿರಲಿಲ್ಲ, ಐವರಲ್ಲಿ ಬಾಯಿ ಜೋರಿದ್ದವಳು ನಾನೊಬ್ಬಳೇ. ಮೂರು ವಾರ ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತಾ ಸಾವಿರಾರು ಮಾತು ಓದಿದ್ದೇನೆ. ಆ ತುಣುಕುಗಳನ್ನೇ ಜೋಡಿಸಿ ಡಬ್ಬಿ ಮಾತಾಡುತ್ತದೆ.

ನನ್ನ ನಿಜವಾದ ಕೆಲಸ ಟೆಸ್ಟಿಂಗ್. ಹುಡುಗರು ಡಬ್ಬಿಯ ಪ್ರೋಗ್ರಾಂನಲ್ಲಿ ಏನಾದರೂ ಬದಲಾಯಿಸಿದರೆ ಬೇರೆ ಯಾವುದೋ ಮೂಲೆಯಲ್ಲಿ ಏನೋ ಕೆಡುತ್ತದೆ. ಹೆಚ್ಚಿನದನ್ನು ಕಂಪ್ಯೂಟರೇ ಪರೀಕ್ಷಿಸಿ, ಒಂದು ಪಾಸ್, ಎರಡು ಪಾಸ್, ಮೂರು ಫೇಲ್ ಅಂತ ಸಾಲು ಸಾಲಾಗಿ ಬರೆದುಕೊಡುತ್ತದೆ. ಆದರೆ ಡಬ್ಬಿ ಓದಿದ್ದು ಮನುಷ್ಯರಿಗೆ ಸರಿಯಾಗಿ ತಿಳಿಯುತ್ತದೆಯೇ ಎನ್ನುವುದಕ್ಕೆ ಕಿವಿಯೇ ಬೇಕು. ಅದಕ್ಕೆಂದೇ ಇಪ್ಪತ್ತು ವಾಕ್ಯ ಆರಿಸಿಟ್ಟಿದ್ದೆವು. ದಿನವೂ ಡಬ್ಬಿ ಅದೇ ಇಪ್ಪತ್ತನ್ನು ಓದಬೇಕು, ಯಾರಾದರೂ ಕೂತು ಕೇಳಿ ಒಂದೊಂದಕ್ಕೂ ಪಾಸೋ ಫೇಲೋ ಹೇಳಬೇಕು. ಆಫೀಸಿನಲ್ಲಿ ನಮಗೆಲ್ಲ ಆ ವಾಕ್ಯಗಳು ಬಾಯಿಪಾಠವಾಗಿ, ಡಬ್ಬಿ ಏನು ಉಲಿದರೂ ಸರಿಯಾಗೇ ಕೇಳಿಸತೊಡಗಿತು. ಆಗ ನಾನು ಅತ್ತಿಗೆಯ ಹೆಸರು ಹೇಳಿದೆ.

ಅತ್ತಿಗೆ ಅಂದರೆ ನಮ್ಮಣ್ಣನ ಹೆಂಡತಿ. ಅಣ್ಣ ಬಸ್ ಕಂಡಕ್ಟರ್, ಮನೆ ಕುಣಿಗಲ್‌ನಲ್ಲಿ. ಒಬ್ಬಳೇ ಮಗಳು, ಮದುವೆಯಾಗಿ ಗುಬ್ಬಿಯಲ್ಲಿದ್ದಾಳೆ. ಅತ್ತಿಗೆಯ ತವರು ಚೇಳೂರಿನ ಹತ್ತಿರ, ಅಟ್ಟದ ತುಂಬ ತೆಂಗಿನಕಾಯಿ ಇರುವ ಮನೆ. ಕಾಯಿಯನ್ನು ಅಟ್ಟದ ಮೇಲೆ ವರ್ಷ ಬಿಟ್ಟರೆ ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು ಒಳಗೇ ಉರುಳಾಡುತ್ತದೆ. ಒಡೆಯುವ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಅತ್ತಿಗೆ ಲಂಗ ಉಡುವ ವಯಸ್ಸಿಗೇ ಈ ಕೆಲಸದಲ್ಲಿ ಮನೆಯ ಗಂಡಸರನ್ನೆಲ್ಲ ಮೀರಿಸಿದ್ದರಂತೆ. ಒಂದು ಸಲ ಅಲ್ಲಾಡಿಸಿ, "ಇದ್ಕೆ ಇನ್ನೊಂದ್ ತಿಂಗ್ಳು ಬೇಕು", "ಇದು ಒಳಗೆ ಕೊಳ್ತು ಹೋಗ್ಯದೆ" ಅಂದರೆ ಮುಗಿಯಿತು, ಒಡೆದು ನೋಡಿದರೆ ಹಾಗೇ ಇರುತ್ತಿತ್ತು. ಅಂಥ ಕಿವಿ ಕುಣಿಗಲ್‌ನ ಬಾಡಿಗೆ ಮನೆಯಲ್ಲಿ ಸೀರಿಯಲ್ ಕೇಳುತ್ತಾ ಸುಮ್ಮನೆ ಕೂತಿತ್ತು.

ಒಂದು ಡಬ್ಬಿಯನ್ನು ಅವರ ಮನೆಯಲ್ಲಿಟ್ಟು ಬಂದೆ. ಹೊಸ ಪ್ರೋಗ್ರಾಂ ದಿನವೂ ಇಂಟರ್‌ನೆಟ್ ಮೂಲಕ ಅದಕ್ಕೆ ಇಳಿಯುತ್ತಿತ್ತು. ಬೆಳಿಗ್ಗೆ ಅಣ್ಣ ಡ್ಯೂಟಿಗೆ ಹೋದ ಮೇಲೆ ಅತ್ತಿಗೆ ಇಪ್ಪತ್ತು ವಾಕ್ಯ ಕೇಳಿ, ಹತ್ತು ಗಂಟೆಗೆ ನನಗೆ ಫೋನ್ ಮಾಡಿ ಫಲಿತಾಂಶ ಓದುತ್ತಿದ್ದರು. ನಾನು ಟೈಪ್ ಮಾಡಿಕೊಳ್ಳುತ್ತಿದ್ದೆ.

"ಒಂದು ಪಾಸು. ಎರಡು ಪಾಸು. ಮೂರು... ತಡಿ ತಡಿ, ಹಾಲುಕ್ತು. ಹ್ಞಾ, ಮೂರು ಫೇಲು ಕಣೇ. 'ಸಾಸಿವೆ ಸಿಡಿದ ಮೇಲೆ ಸೊಪ್ಪು ಹಾಕಿ' ಅನ್ನೋದ್ರಲ್ಲಿ ಸೊಪ್ಪು ಅನ್ನುವಾಗ ನುಂಗ್ತದೆ. ಅವತ್ತು ನಿಂಗೆ ನೆಗಡಿ ಆಗಿತ್ತಾ?"

ನೆಗಡಿ ಆಗಿದ್ದದ್ದು ನಿಜ. ಆಫೀಸಿನಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ.

ಹದಿನೇಳನೆಯ ವಾಕ್ಯ "ಊಟ ಆಯಿತಾ?" ಅಂತ. ಪ್ರಶ್ನೆಯ ರಾಗ ಸರಿ ಬರುತ್ತದೆಯೇ ಎಂದು ನೋಡಲು ಹಾಕಿದ್ದು. ಅತ್ತಿಗೆ ಒಂದು ದಿನವೂ ಅದನ್ನು ಬರೀ ಪಾಸ್ ಅಂತ ಹೇಳಿ ಬಿಟ್ಟವರಲ್ಲ. "ಹದಿನೇಳು ಪಾಸು. ಆಯ್ತು ಕಣೇ, ನಿಂದು?" ಅನ್ನುವರು. ಹತ್ತು ಗಂಟೆಗೆ ಎಂಥ ಊಟ ಅಂತ ನಾನು ಬೈಯುವುದು, ಅವರು ನಗುವುದು. ಅಲ್ಲಿಂದ ಮಾತು ಎತ್ತೆತ್ತಲೋ ಹೋಗುತ್ತಿತ್ತು. ಅಣ್ಣನ ಬಿ.ಪಿ., ಪಕ್ಕದ ಮನೆಯವರ ಜಗಳ, ಮಗಳು ಗುಬ್ಬಿಯಲ್ಲಿ ಕಟ್ಟಿಸುತ್ತಿದ್ದ ಮನೆಯ ಗೋಡೆ ಎಷ್ಟು ಎದ್ದಿತು ಅನ್ನುವುದು. ಇಪ್ಪತ್ತು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ನಾನು ಸುಳ್ಳು ಹೇಳುವುದಿಲ್ಲ, ಎಷ್ಟೋ ದಿನ ಫೋನನ್ನು ಭುಜಕ್ಕೆ ಒತ್ತಿಕೊಂಡು ಹೂಂ ಹೂಂ ಅನ್ನುತ್ತಾ ಬೇರೆ ಕೆಲಸ ಮಾಡಿಕೊಂಡಿದ್ದೇನೆ.

ನಮ್ಮ ಬಾಸ್ ನನಗಿಂತ ಹದಿನೈದು ವರ್ಷ ಚಿಕ್ಕವನು, ಒಳ್ಳೆಯವನೇ. ಒಂದು ದಿನ ಬಂದು, "ಮೇಡಂ, ಇದೊಂದನ್ನ ನೀವು ಕೈಯಲ್ಲಿ ಟೈಪ್ ಮಾಡ್ತಾ ಕೂತ್ರೆ ಹೆಂಗೆ? ಅವ್ರು ವಾಟ್ಸ್ಯಾಪ್‌ನಲ್ಲಿ ಕಳಿಸ್ಲಿ, ಮಿಕ್ಕ ಟೆಸ್ಟ್ ಜೊತೆ ಅದೂ ತಾನಾಗೇ ಸೇರ್ಕೊಳ್ಳೋ ಹಂಗೆ ಮಾಡಿ" ಅಂದ. ನನಗೂ ಅದೇ ಬೇಕಿತ್ತು. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ.

ಟೆಸ್ಟುಗಳು ಬರೆದುಕೊಟ್ಟ ಸಾಲುಗಳನ್ನೆಲ್ಲ ಓದಿ, ಎಷ್ಟು ಪಾಸು ಎಷ್ಟು ಫೇಲು ಅಂತ ಒಟ್ಟು ಮಾಡಿ ಗೋಡೆಯ ಮೇಲಿನ ಸ್ಕ್ರೀನಿನಲ್ಲಿ ಹಸಿರೋ ಕೆಂಪೋ ತೋರಿಸುವ ಒಂದು ಪ್ರೋಗ್ರಾಂ ಇದೆ. ಅದಕ್ಕೆ ಪಾರ್ಸರ್ ಅನ್ನುತ್ತಾರೆ. ಫೈಲಿನಿಂದ ಬಂದದ್ದು, ಬೇರೆ ಪ್ರೋಗ್ರಾಂ ಉಗುಳಿದ್ದು, ಹೀಗೆ ನಾಲ್ಕೈದು ಕಡೆಯಿಂದ ಬಂದದ್ದನ್ನು ಓದಲು ಅದಕ್ಕೆ ಮೊದಲೇ ಗೊತ್ತು. ಅತ್ತಿಗೆಯ ವಾಟ್ಸ್ಯಾಪ್ ಮೆಸೇಜು ಅದಕ್ಕೆ ಗೊತ್ತಿರಲಿಲ್ಲ. ಅಂಥ ಹೊಸದೇನಾದರೂ ಬಂದರೆ ಅದನ್ನು ಕೈಹಿಡಿದು ಒಳಗೆ ಕರೆತರಲು ನಾವೇ ಒಂದು ಹ್ಯಾಂಡ್ಲರ್ ಬರೆದು ಸೇರಿಸಬೇಕು.

ಆ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಏನಾದರೂ ಒಳಗೆ ಬಂದ ತಕ್ಷಣ ಪಾರ್ಸರ್ ಅದನ್ನು ಎಲ್ಲ ಹ್ಯಾಂಡ್ಲರ್‌ಗಳ ಮುಂದೆ ಹಿಡಿದು, ಇದು ನಿನ್ನದಾ, ಎಷ್ಟು ಖಾತ್ರಿ ಅಂತ ಕೇಳುತ್ತದೆ. ಒಂದೊಂದೂ ಸೊನ್ನೆಯಿಂದ ಒಂದರವರೆಗೆ ಒಂದು ಅಂಕಿ ಹೇಳಬೇಕು. ಸೊನ್ನೆ ಅಂದರೆ ನನ್ನದಲ್ಲ, ಅರ್ಧ ಅಂದರೆ ಇದ್ದರೂ ಇರಬಹುದು. ಕೊಬ್ಬರಿ ಮಂಡಿಯ ಹರಾಜಿನ ಹಾಗೆ, ಯಾರು ಹೆಚ್ಚು ಕೂಗುತ್ತಾರೋ ಮಾಲು ಅವರಿಗೆ. ಸಾಮಾನ್ಯವಾಗಿ ಯಾರೂ ಪೂರ್ತಿ ಒಂದು ಅನ್ನುವುದಿಲ್ಲ, ಸ್ವಲ್ಪ ಅನುಮಾನ ಉಳಿಸಿಕೊಳ್ಳುತ್ತಾರೆ. ನಾನು ಒಂದು ಅಂದೆ. ಅತ್ತಿಗೆಯ ನಂಬರಿನಿಂದ ಏನೇ ಬಂದರೂ ಅದು ನನ್ನದು, ಅದರಲ್ಲಿ ಎಂಥ ಅನುಮಾನ ಅಂತ ಧಿಮಾಕಿನಿಂದ ಬರೆದೆ.

ಅತ್ತಿಗೆಗೆ ಕಳಿಸುವ ಕ್ರಮ ಹೇಳಿಕೊಟ್ಟೆ. ಒಂದೊಂದು ಸಾಲಿಗೆ ವಾಕ್ಯದ ನಂಬರು, ಪಕ್ಕದಲ್ಲಿ ಪಾಸ್ ಅಥವಾ ಫೇಲ್, ಅಷ್ಟೇ. ಮಾರನೆಯ ದಿನ ಹತ್ತಕ್ಕೆ ಇಪ್ಪತ್ತು ಸಾಲು ಬಂದವು, ಹ್ಯಾಂಡ್ಲರ್ ಅವನ್ನು ಎತ್ತಿಕೊಂಡಿತು. ಆದರೂ ಸ್ಕ್ರೀನು ಕೆಂಪಾಯಿತು. ಪಾರ್ಸರ್‌ನದು ಒಂದು ಹಟವಿದೆ. ಇವತ್ತು ಒಟ್ಟು ಎಷ್ಟು ಫಲಿತಾಂಶ ಬರಬೇಕು ಅಂತ ಯಾರಾದರೂ ಅದಕ್ಕೆ ಹೇಳಬೇಕು. ಅದನ್ನು ಪ್ಲಾನ್ ಅನ್ನುತ್ತಾರೆ. ಇಪ್ಪತ್ತು ಅಂತ ಹೇಳಿ ಹದಿನಾರು ಬಂದರೆ, ಬಂದ ಹದಿನಾರೂ ಪಾಸಾಗಿದ್ದರೂ ಅದು ಒಪ್ಪುವುದಿಲ್ಲ. ನಡುವೆ ಯಾರೋ ಮಾತು ನಿಲ್ಲಿಸಿದ್ದಾರೆ, ಹೋಗಿ ನೋಡಿ ಅಂತ ಕೆಂಪು ತೋರಿಸುತ್ತದೆ. ಪ್ಲಾನ್ ಇರುವುದೇ ಅದಕ್ಕೆ.

ಫೋನ್ ಮಾಡಿ, "ಅತ್ತಿಗೆ, ಮೇಲೆ ಮೊದ್ಲು ಇಪ್ಪತ್ತು ಅಂತ ಬರೀರಿ, ಆಮೇಲೆ ಸಾಲು" ಅಂದೆ.

"ಇಪ್ಪತ್ತು ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಇನ್ಯಾರಿಗೆ ಹೇಳ್ಬೇಕಿತ್ತೇ?"

"ಮಷೀನಿಗೆ."

"ಅದ್ಕೆ ನೀನೇ ಹೇಳ್ಕೋ ಹೋಗು" ಅಂದು ನಕ್ಕರು.

ಹ್ಯಾಂಡ್ಲರ್‌ನಲ್ಲೇ ಇಪ್ಪತ್ತು ಅಂತ ಬರೆದುಬಿಟ್ಟಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ಮೊದಲು ಹಾಗೇ ಬರೆದೆ ಕೂಡ. ಆದರೆ ಕುಣಿಗಲ್‌ನಲ್ಲಿ ಕರೆಂಟು ಹೋದ ದಿನ ಅತ್ತಿಗೆ ಬೆಳಿಗ್ಗೆ ಹನ್ನೊಂದು ಸಾಲು ಕಳಿಸಿ, ಉಳಿದದ್ದನ್ನು ಸಂಜೆ ಕಳಿಸುತ್ತಿದ್ದರು. ಬೆಳಿಗ್ಗೆಯೆಲ್ಲ ಸ್ಕ್ರೀನು ಕೆಂಪಾಗಿ, ಬಾಸ್ ಬಂದು "ಏನಾಯ್ತು ಮೇಡಂ" ಅನ್ನುವನು. ಎರಡು ಮೂರು ಸಲ ಹೀಗಾಗುವಷ್ಟರಲ್ಲಿ ನನ್ನ ತಾಳ್ಮೆ ಮುಗಿಯಿತು. ಪ್ಲಾನನ್ನು ಮೊದಲೇ ಹೇಳಬೇಕು ಅಂತೇನಿಲ್ಲ, ಕೊನೆಯಲ್ಲಿ ಹೇಳಿದರೂ ಪಾರ್ಸರ್ ಒಪ್ಪುತ್ತದೆ. ಇಪ್ಪತ್ತನ್ನು ಅಳಿಸಿ ಎರಡು ಸಾಲು ಬರೆದೆ. ಬಂದ ಸಾಲುಗಳನ್ನು ಎಣಿಸು. ಎಷ್ಟು ಬಂದವೋ ಅಷ್ಟೇ ಬರಬೇಕಾಗಿತ್ತು ಅಂತ ಕೊನೆಯಲ್ಲಿ ಹೇಳು.

ಅಲ್ಲಿಂದ ಮುಂದೆ ಅತ್ತಿಗೆಯ ಕಡೆಯಿಂದ ಕೆಂಪು ಬರಲೇ ಇಲ್ಲ. ಇಪ್ಪತ್ತು ಬಂದರೆ ಇಪ್ಪತ್ತಕ್ಕೆ ಇಪ್ಪತ್ತು, ಹನ್ನೊಂದು ಬಂದರೆ ಹನ್ನೊಂದಕ್ಕೆ ಹನ್ನೊಂದು. ಹತ್ತು ಗಂಟೆಯ ಫೋನೂ ನಿಂತಿತು. ಮೊದಮೊದಲು ಅತ್ತಿಗೆಯೇ ವಾರಕ್ಕೊಮ್ಮೆ ಮಾಡುತ್ತಿದ್ದರು. ನಾನು ಮೀಟಿಂಗ್‌ನಲ್ಲಿದ್ದೀನಿ, ಆಮೇಲೆ ಮಾಡ್ತೀನಿ ಅನ್ನುತ್ತಿದ್ದೆ. ಒಮ್ಮೆ ಮಾತ್ರ, "ನೀನು ಮಾಡ್ದಿದ್ರೆ ಏನಂತೆ ಬುಡು, ಬೆಳಿಗ್ಗೆ ಎದ್ದು ಡಬ್ಬಿ ಹಾಕಿದ್ರೆ ನೀನೇ ಮಾತಾಡ್ತೀಯಲ್ಲ" ಅಂದಿದ್ದರು. ಅದನ್ನು ಆಫೀಸಿನಲ್ಲಿ ಹೇಳಿ ಎಲ್ಲರೂ ನಕ್ಕೆವು. ಆಮೇಲೆ ಅವರ ಫೋನೂ ಬರಲಿಲ್ಲ. ಅದನ್ನು ನಾನು ಗಮನಿಸಲೂ ಇಲ್ಲ.

ಹೀಗೇ ಐದು ತಿಂಗಳು ಕಳೆದವು. ಗುಬ್ಬಿಯಲ್ಲಿ ಅಣ್ಣನ ಮಗಳ ಮನೆ ಮುಗಿದು ಗೃಹಪ್ರವೇಶಕ್ಕೆ ಕರೆ ಬಂತು.

ಬೆಳಿಗ್ಗೆ ಹೋದಾಗ ಅತ್ತಿಗೆ ಬಾಗಿಲಲ್ಲಿ ಬಗ್ಗಿ ರಂಗೋಲಿ ಬಿಡುತ್ತಿದ್ದರು. ಹಿಂದೆ ನಿಂತು, "ಏನತ್ತಿಗೆ, ಮಗ್ಳು ಮನೆ ಕಟ್ಸಿದ್ಲು ಅಂತ ಸಾಹುಕಾರ್ತಿ ಆಗ್ಬುಟ್ರಾ?" ಅಂದೆ. ತಿರುಗಲಿಲ್ಲ. ಇನ್ನೊಂದು ಸಲ ಅಂದೆ. ಎಳೆ ಎಳೆಯುತ್ತಲೇ ಇದ್ದರು. ಫೋನ್ ಮಾಡಲಿಲ್ಲ ಅಂತ ಸಿಟ್ಟು, ಬಂದವಳಿಗೆ ಎಲ್ಲರೆದುರು ಹೀಗೆ ಮಾಡ್ತಿದ್ದಾರೆ ಅಂತ ನನಗೆ ಉರಿದುಹೋಯಿತು. ಇರಲಿ, ನನಗೇನು ಬಿಗುಮಾನ ಬರಲ್ವಾ ಅಂದುಕೊಂಡು ಒಳಗೆ ಹೋದೆ. ಊಟದವರೆಗೆ ಅವರಿದ್ದ ಕಡೆ ಸುಳಿಯಲಿಲ್ಲ. ಪಂಕ್ತಿಯಲ್ಲಿ ಅವರೇ ಹೋಳಿಗೆ ಬಡಿಸುತ್ತಾ ಬಂದು ನನ್ನ ಮುಂದೆ ನಿಂತರು. ಮುಖ ಊರಗಲ ಮಾಡಿಕೊಂಡು, "ಇನ್ನೊಂದು ಹಾಕ್ಲೇನೇ?" ಅಂದರು. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದು ಮುಖ ಆ ಕಡೆ ತಿರುಗಿಸಿದೆ. ಅವರು ಮುಂದಿನವರ ಎಲೆಗೆ ಹೋದರು.

ಮಧ್ಯಾಹ್ನ ಮುತ್ತೈದೆಯರಿಗೆ ಕೊಡುವ ತಾಂಬೂಲದ ಚೀಲ ತುಂಬುತ್ತಿದ್ದರು. ಕಾಯಿ ಆರಿಸುವ ಕೆಲಸ ಎಂದಿನಂತೆ ಅತ್ತಿಗೆಯದು. ಅಲ್ಲಾಡಿಸಿ, ನೀರಿನ ಸದ್ದು ಕೇಳಿ, ಒಳ್ಳೆಯದನ್ನು ಚೀಲಕ್ಕೆ ಹಾಕಬೇಕು. ನಾನು ಹಿತ್ತಿಲ ಬಾಗಿಲಲ್ಲಿ ನಿಂತು ಬಿಗುಮಾನದಿಂದಲೇ ನೋಡುತ್ತಿದ್ದೆ. ಒಂದು ಕಾಯಿಯನ್ನು ಬಲಗಿವಿಯ ಹತ್ತಿರ ಅಲ್ಲಾಡಿಸಿದರು, ಎಡಗಿವಿಗೆ ಹಿಡಿದರು, ಮತ್ತೆ ಬಲಕ್ಕೆ. ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಕಾಯಿಯನ್ನು ದವಡೆಗೆ ಒತ್ತಿ ಕಣ್ಣು ಮುಚ್ಚಿ ಅಲ್ಲಾಡಿಸಿದರು. ಆಮೇಲೆ ಚೀಲಕ್ಕೆ ಹಾಕಿದರು. ನಾನು ಹೋಗಿ ಆ ಕಾಯಿ ತೆಗೆದು ಅಲ್ಲಾಡಿಸಿದೆ. ಒಳಗೆ ಒಂದು ತೊಟ್ಟು ನೀರಿರಲಿಲ್ಲ.

"ಅತ್ತಿಗೆ" ಅಂದೆ. ಬೆನ್ನ ಹಿಂದೆಯೇ ಇದ್ದೆ, ಮೊಳದ ದೂರವೂ ಇರಲಿಲ್ಲ. ಜೋರಾಗಿ ಕೂಗಿದೆ. ಹಜಾರದಲ್ಲಿದ್ದವರೆಲ್ಲ ತಿರುಗಿ ನೋಡಿದರು, ಅತ್ತಿಗೆ ಇನ್ನೊಂದು ಕಾಯಿ ತೆಗೆದುಕೊಂಡರು.

ಸುತ್ತಿ ಬಂದು ಮುಂದೆ ಕೂತೆ. ನನ್ನನ್ನು ಕಂಡು ಮುಖ ಅರಳಿತು. "ಕೇಳ್ತಿಲ್ವಾ ಅತ್ತಿಗೆ?" ಅಂದೆ. ನನ್ನ ತುಟಿಯನ್ನೇ ನೋಡುತ್ತಿದ್ದರು.

"ಕಿವಿ ವಸಿ ಮಂದ ಆಗ್ಯದೆ ಬುಡು. ನಿಂಗೊತ್ತಲ್ಲ" ಅಂದರು.

ನನಗೆ ಗೊತ್ತಿರಲಿಲ್ಲ. ಹಾಗ್ಯಾಕೆ ಅಂದರು ಅಂತ ಆಗ ಕೇಳಲೂ ತೋಚಲಿಲ್ಲ.

ಅಣ್ಣನನ್ನು ಮೂಲೆಗೆ ಕರೆದು ಬಾಯಿಗೆ ಬಂದಂತೆ ಬೈದೆ. ಒಂದೇ ಮನೇಲಿದ್ದು ನಿಂಗೆ ಗೊತ್ತಾಗಲಿಲ್ವಾ ಅಂದೆ. ಅವನು ದಿನವೆಲ್ಲ ಬಸ್ಸಿನಲ್ಲಿ ಕೂಗಿ ಕೂಗಿ ಮನೆಯಲ್ಲೂ ಕೂಗಿಯೇ ಮಾತಾಡುವವನು. "ಟಿ.ವಿ. ಸೌಂಡ್ ಜಾಸ್ತಿ ಮಾಡ್ತಿದ್ಲು, ನಾನೇನು ತಿಳ್ಕಳ್ಲಿ" ಅಂದು ಕಣ್ಣೊರೆಸಿಕೊಂಡ. ಅವನಿಗೆ ಬೈಯಲು ನನಗೆ ಯಾವ ಹಕ್ಕಿತ್ತೋ ಅದು ಇನ್ನೆರಡು ದಿನದಲ್ಲಿ ತಿಳಿಯಿತು.

ಮಾರನೆಯ ದಿನ ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದರೆ ಗುಂಡಿ ಒತ್ತಿ ಅಂತ ಹೇಳಿದರು. ನಾನು ಹೊರಗಿನಿಂದ ನೋಡುತ್ತಿದ್ದೆ. ಅತ್ತಿಗೆ ಪರೀಕ್ಷೆಗೆ ಕೂತ ಮಗುವಿನ ಹಾಗೆ ನೆಟ್ಟಗೆ ಕೂತಿದ್ದರು, ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಇದ್ದರು. ಬಹಳ ಹೊತ್ತು ಒತ್ತಲೇ ಇಲ್ಲ. ಡಾಕ್ಟರು ಚೀಟಿ ನೋಡಿ, ಎರಡೂ ಕಿವಿಯ ನರ ಹೋಗಿದೆ, ಮೆಷಿನ್ ಹಾಕಿದರೆ ಸದ್ದು ಬರಬಹುದು, ಮಾತು ತಿಳಿಯುವುದು ಕಷ್ಟ ಅಂದರು. ಯಾವಾಗ ಶುರುವಾಯಿತು ಅಂತ ಕೇಳಿದರು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಈ ಥರದ್ದು ಕೆಲವು ಸಲ ಶುರುವಿನಲ್ಲೇ ಬಂದ್ರೆ ಔಷಧಿಗೆ ಬಗ್ಗುತ್ತೆ. ಮೊದಲ ಕೆಲವು ವಾರದಲ್ಲಿ ಬಂದಿದ್ರೆ ಸ್ವಲ್ಪ ಉಳಿಸ್ಕೊಳ್ಳಬಹುದಿತ್ತೇನೋ" ಅಂದರು.

ಯಾವಾಗ ಶುರುವಾಯಿತು ಅನ್ನುವ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ಆಫೀಸಿಗೆ ಹೋದೆ. ಕುರ್ಚಿಯಲ್ಲಿ ಕೂತ ಮೇಲೆ ಹೊಳೆಯಿತು. ಅತ್ತಿಗೆ ಡಬ್ಬಿಯ ಮಾತು ಕೇಳುತ್ತಿದ್ದದ್ದು ಈ ಕಿವಿಯಿಂದಲೇ ಅಲ್ಲವೇ? ಹಾಗಾದರೆ ದಿನವೂ ಎಲ್ಲ ಪಾಸ್ ಅಂತ ಹೇಗೆ ಬಂತು?

ಐದು ತಿಂಗಳ ಹಳೆಯ ದಾಖಲೆ ತೆಗೆದೆ. ಗೋಡೆಯ ಸ್ಕ್ರೀನಿನಲ್ಲಿ ಕಾಣುತ್ತಿದ್ದದ್ದು ಹಸಿರು ಬಣ್ಣ ಒಂದೇ, ಒಳಗಿನ ಸಾಲುಗಳನ್ನು ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಫೋನು ನಿಂತ ಮೇಲೆ ಒಂದೂವರೆ ತಿಂಗಳು ದಿನವೂ ಇಪ್ಪತ್ತು ಇದ್ದವು. ಒಂದು ಸೋಮವಾರ ಹತ್ತೊಂಬತ್ತು. ಮೂರನೆಯ ಸಾಲು ಇರಲಿಲ್ಲ. ಸಾಸಿವೆ ಸಿಡಿದ ಮೇಲೆ ಸೊಪ್ಪು ಹಾಕಿ. ಆ ವಾರವೆಲ್ಲ ಹತ್ತೊಂಬತ್ತೇ. ಆಮೇಲೆ ಹದಿನೇಳು, ಹದಿನಾರು, ಎರಡು ದಿನ ಮತ್ತೆ ಹದಿನೇಳು. ನಡುನಡುವೆ ಕರೆಂಟು ಹೋದ ದಿನಗಳೂ ಇದ್ದವು, ಆದರೆ ಸಂಜೆಗೆ ಉಳಿದವು ಬಂದಿರುತ್ತಿದ್ದವು. ಇವು ಬಂದಿರಲಿಲ್ಲ. ಸಣ್ಣ ಸದ್ದಿನ ಮಾತುಗಳೆಲ್ಲ ಮೊದಲು ಹೋಗಿದ್ದವು. ಹದಿಮೂರು, ಹತ್ತು, ಎಂಟು. ಹೋದ ಸಾಲು ಹೋದದ್ದೇ, ಫೇಲ್ ಅಂತಲೂ ಬರೆದಿರಲಿಲ್ಲ. ವಾಕ್ಯಗಳೆಲ್ಲ ಅವರಿಗೆ ಬಾಯಿಪಾಠ, ಕೇಳದಿದ್ದರೂ ಪಾಸ್ ಅಂತ ಬರೆಯಬಹುದಿತ್ತು. ಒಂದನ್ನೂ ಹಾಗೆ ಬರೆದಿರಲಿಲ್ಲ. ಗೃಹಪ್ರವೇಶದ ಹಿಂದಿನ ವಾರ ದಿನಕ್ಕೆ ಮೂರು ಸಾಲು ಬಂದಿದ್ದವು, ಕೊನೆಯ ದಿನ ಒಂದು. ಹದಿನೇಳು, ಪಾಸ್. ಊಟ ಆಯಿತಾ?

ಅದರ ಕೆಳಗೆ ನನ್ನ ಎರಡು ಸಾಲಿನ ಕೆಲಸವಿತ್ತು. ಬರಬೇಕಾಗಿದ್ದು ಒಂದು, ಬಂದದ್ದು ಒಂದು, ಎಲ್ಲ ಸರಿ.

ಅಳು ತಡೆಯಲಾಗಲಿಲ್ಲ. ಬಾಸ್ ಓಡಿ ಬಂದು ನೀರು ಕೊಟ್ಟ. ನನ್ನ ಧ್ವನಿಯನ್ನು ಅತ್ತಿಗೆ ದಿನವೂ ಬೆಳಿಗ್ಗೆ ಒಂದೊಂದು ಸಾಲಾಗಿ ಕಳೆದುಕೊಳ್ಳುತ್ತಿದ್ದರು, ಅದನ್ನು ದಿನವೂ ನನಗೇ ಬರೆದು ಕಳಿಸುತ್ತಿದ್ದರು. ಮೊದಲ ಸೋಮವಾರ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಹತ್ತು ಗಂಟೆಯ ಆ ಮುಕ್ಕಾಲು ಗಂಟೆ ಇದ್ದಿದ್ದರೆ, ಎರಡು ಸಲ "ಏನಂದೆ?" ಅಂದಿದ್ದರೆ, ನನ್ನಂಥ ಮೊದ್ದಿಗೂ ಗೊತ್ತಾಗುತ್ತಿತ್ತು. ಆ ಎರಡು ಸಾಲನ್ನು ಅಳಿಸಿ ಇಪ್ಪತ್ತು ಅಂತ ಬರೆದೆ. ಸ್ಕ್ರೀನು ಕೆಂಪಾಯಿತು.

ಮಾರನೆಯ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ಗೆರೆ ಹಾಕಿದ ನೋಟ್‌ಬುಕ್ಕು, ಪೆನ್ನು ತೆಗೆದುಕೊಂಡೆ. ಅಣ್ಣ ಡ್ಯೂಟಿಗೆ ಹೋಗಿದ್ದ. ಅತ್ತಿಗೆ ಕಾಫಿ ಕೊಟ್ಟರು, ಎದುರಿಗೆ ಕೂತರು. ಡಬ್ಬಿ ಕಪಾಟಿನ ಮೇಲೆ ಕ್ರೋಶಾ ಬಟ್ಟೆ ಹೊದ್ದುಕೊಂಡಿತ್ತು, ಧೂಳು ಒಂದು ಚೂರಿರಲಿಲ್ಲ. ನೋಟ್‌ಬುಕ್ಕಿನಲ್ಲಿ, ನನಗೆ ಯಾಕೆ ಹೇಳಲಿಲ್ಲ ಅಂತ ಬರೆದು ತೋರಿಸಿದೆ.

"ಹೇಳ್ದೆನಲ್ಲೇ" ಅಂದರು. ಅವರ ಧ್ವನಿ ಆಗಲೇ ಸ್ವಲ್ಪ ಏರಿತ್ತು, ತಮ್ಮ ಮಾತೂ ತಮಗೆ ಕೇಳದವರ ಹಾಗೆ. "ದಿನಾ ಹೇಳ್ದೆ. ಕೇಳಿಸಿದ್ದು ಮಾತ್ರ ಕಳ್ಸಿದೆ. ಫೇಲು ಅಂದ್ರೆ ಡಬ್ಬಿದು ತಪ್ಪು ಅಂತಾಗ್ತದೆ, ಅದ್ರದ್ದೇನು ತಪ್ಪಿಲ್ಲ. ಪಾಸು ಅಂದ್ರೆ ಸುಳ್ಳಾಯ್ತದೆ. ಅದ್ಕೆ ಬುಟ್ಬುಟ್ಟೆ."

ಅವರೇ ಮುಂದುವರಿಸಿದರು.

"ಮೊದಲ್ನೇ ಸಲ ಹತ್ತೊಂಬತ್ತು ಕಳ್ಸಿದ್ನಲ್ಲ, ಅವತ್ತು ಸಂಜೆಗಂಟ ಫೋನ್ ಮಡಿಲಲ್ಲಿ ಇಟ್ಕಂಡು ಕೂತಿದ್ದೆ. ಈಗ ಮಾಡ್ತಾಳೆ, ಎಲ್ಲತ್ತಿಗೆ ಇನ್ನೊಂದು ಅಂತ ಬಾಯಿ ಮಾಡ್ತಾಳೆ ಅಂತ. ನೀನು ಮಾಡ್ಲಿಲ್ಲ. ಹದ್ನಾರು ಕಳ್ಸಿದೆ, ಆಗ್ಲೂ ಇಲ್ಲ. ಆಮೇಲೆ ತಿಳೀತು ನಂಗೆ. ಇವ್ಳಿಗೆ ಗೊತ್ತಾಗ್ಯದೆ, ಅತ್ತಿಗೆಗೆ ಬೇಜಾರಾಗ್ಬಾರ್ದು ಅಂತ ಸುಮ್ನವ್ಳೆ ಅಂತ. ನಿನ್ ಬಾಯಿ ನಂಗೊತ್ತಿಲ್ವಾ? ಅಂಥ ಬಾಯ್ನ ಕಟ್ಕಂಡು ನಂಗೋಸ್ಕರ ಸುಮ್ಕಿದೀಯಲ್ಲ ಅಂತ ಎಷ್ಟ್ ಸಲ ಅತ್ತಿದೀನಿ ಗೊತ್ತಾ? ಅವ್ರಿಗೂ ಹೇಳ್ಲಿಲ್ಲ, ಮಗ್ಳಿಗೂ ಹೇಳ್ಲಿಲ್ಲ. ಮನೆ ಕಟ್ಟೋ ಗಲಾಟೆಲಿ ಯಾಕೆ ಅಂತ. ನಿಂಗೊಬ್ಳಿಗೆ ಗೊತ್ತಲ್ಲ, ಅಷ್ಟು ಸಾಕು ಅಂದ್ಕಂಡು ಧೈರ್ಯವಾಗಿದ್ದೆ."

ಗುಬ್ಬಿಯಲ್ಲಿ "ನಿಂಗೊತ್ತಲ್ಲ" ಅಂದದ್ದು ಇದಕ್ಕೆ. ಎಲೆಯ ಮೇಲೆ ನಾನು ಕೈ ಅಡ್ಡ ಹಿಡಿದಾಗ ಅವರಿಗೆ ಏನನ್ನಿಸಿರಬಹುದು?

ಅದನ್ನು ಹಾಗೇ ಬಿಡಬಹುದಿತ್ತು. ಹೌದು ಅತ್ತಿಗೆ, ಗೊತ್ತಿತ್ತು ಅಂತ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು, ಕಾಫಿ ಕುಡಿದು ಎದ್ದು ಬರಬಹುದಿತ್ತು. ನನಗೂ ಅದೇ ಸುಲಭವಾಗಿತ್ತು. ಆದರೆ ಐದು ತಿಂಗಳಲ್ಲಿ ಅವರು ಒಂದೇ ಒಂದು ಸುಳ್ಳು ಪಾಸ್ ಕಳಿಸಿರಲಿಲ್ಲ. ಅಂಥವರ ಮುಂದೆ ಕೂತು ಸುಳ್ಳು ತಲೆಯಾಡಿಸಲು ನನ್ನಿಂದ ಆಗಲಿಲ್ಲ. ಸರಿ ಮಾಡಿದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಪೆನ್ನು ತೆಗೆದುಕೊಂಡು ಬರೆದೆ.

ನನಗೆ ಗೊತ್ತಿರಲಿಲ್ಲ ಅತ್ತಿಗೆ. ನಾನು ಒಂದು ದಿನವೂ ತೆರೆದು ನೋಡಲಿಲ್ಲ. ಮಷೀನು ಎಣಿಸಿಕೊಳ್ಳುತ್ತಿತ್ತು.

ಕನ್ನಡಕ ಹಾಕಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. ಮುಗಿದ ಮೇಲೆ ಮೊದಲಿನಿಂದ ಇನ್ನೊಂದು ಸಲ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಬೈಯಲಿ, ಎರಡು ಏಟು ಹಾಕಲಿ ಅಂತ ನಾನು ಕಾಯುತ್ತಿದ್ದೆ.

"ಹಂಗಾರೆ," ಅಂದರು, "ಅಷ್ಟು ದಿನವೂ ನಾನು ಒಬ್ಳೇನಾ ಇದ್ದಿದ್ದು?"

ನಾನು ಹೌದೆಂದು ತಲೆಯಾಡಿಸಿದೆ.